ಈರುಳ್ಳಿಯ ಪೊರೆಯಿಂದ ವರ್ಣತಂತುವಿನವರೆಗೆ

ಈರುಳ್ಳಿಯ ಪ್ರತಿ ಪದರದ ಒಳಮೈಗೆ ಅಂಟಿಕೊಂಡು ತೆಳುವಾದ ಪೊರೆಯೊಂದಿರುತ್ತದೆ. ಅದರ ದಪ್ಪ ಒಂದೇ ಒಂದು ಜೀವಕೋಶದಷ್ಟು. ಪದರವನ್ನು ಮುರಿದು ಚಿಮುಟದ ತುದಿಯಿಂದ ಅಂಚನ್ನು ಹಿಡಿದೆಳೆದರೆ ಪೊರೆ ತಾನಾಗಿ ಸುಲಿದು ಬರುತ್ತದೆ. ಬ್ಲೇಡಿನಿಂದ ತೆಳುವಾಗಿ ಕತ್ತರಿಸುವ ಪಳಗಿದ ಕೈ ಇದಕ್ಕೆ ಬೇಕಿಲ್ಲ. ನೆಲದೊಳಗೆ ಬೆಳೆಯುವ ಗಡ್ಡೆಯಾದ್ದರಿಂದ ಹಸಿರು ಕಣಗಳ ಅಡ್ಡಿಯೂ ಇಲ್ಲ, ಬೆಳಕು ಸಲೀಸಾಗಿ ಹಾದುಹೋಗುತ್ತದೆ. ಕೋಶಗಳು ದೊಡ್ಡವು, ಉದ್ದಕ್ಕೆ ಸುಮಾರು ಕಾಲು ಮಿಲಿಮೀಟರ್. ಅದೇ ಗಡ್ಡೆಯ ಬುಡವನ್ನು ನೀರಿಗೆ ತಾಗಿಸಿಟ್ಟರೆ ಕೆಲವೇ ದಿನಗಳಲ್ಲಿ ಬಿಳಿ ಬೇರುಗಳು ಇಳಿಯುತ್ತವೆ. ಆ ಬೇರಿನ ತುದಿಯಲ್ಲಿ ವಿಭಜನೆಯಾಗುವ ಕೋಶಗಳಲ್ಲಿರುವುದು ಹದಿನಾರೇ ವರ್ಣತಂತುಗಳು, ಅವೂ ಎಣಿಸಲು ಸಿಗುವಷ್ಟು ದೊಡ್ಡವು. ಹೈಸ್ಕೂಲಿನಿಂದ ಪದವಿಯವರೆಗೆ ಎಲ್ಲ ಪ್ರಯೋಗಾಲಯಗಳಲ್ಲೂ ಈರುಳ್ಳಿ ಕಾಣಿಸಿಕೊಳ್ಳುವುದು ಅದು ಅಗ್ಗ ಎಂಬ ಕಾರಣಕ್ಕಷ್ಟೇ ಅಲ್ಲ. ಸ್ಲೈಡ್ ತಯಾರಿ, ಬಣ್ಣ ಹಾಕುವುದು, ಸೂಕ್ಷ್ಮದರ್ಶಕ, ಅಳತೆ, ದ್ರಾವಣ, ಹೋಲಿಕೆ, ಎಣಿಕೆ ಎಲ್ಲವನ್ನೂ ಇದೊಂದೇ ಗಡ್ಡೆಯಿಂದ ಕಲಿಯಬಹುದು. ಉತ್ತರ ಕರ್ನಾಟಕದ ಉಳ್ಳಾಗಡ್ಡಿಯಾದರೂ ಸರಿ, ಕೋಲಾರ, ಚಿಕ್ಕಬಳ್ಳಾಪುರದ ಸಣ್ಣ ಗುಲಾಬಿ ಈರುಳ್ಳಿಯಾದರೂ ಸರಿ.

ಸುಲಿದ ಪೊರೆಯನ್ನು ತಕ್ಷಣ ವಾಚ್ ಗ್ಲಾಸಿನ ನೀರಿಗೆ ಬಿಡಬೇಕು. ಅರ್ಧ ನಿಮಿಷ ಗಾಳಿಗೆ ಬಿಟ್ಟರೂ ಅದು ಸುರುಳಿ ಸುತ್ತಿಕೊಳ್ಳುತ್ತದೆ, ಸುರುಳಿಯ ಮಡಿಕೆಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ನೀರಿನಲ್ಲಿರುವಾಗಲೇ ಅದನ್ನು ಸುಮಾರು ಐದು ಮಿಲಿಮೀಟರ್ ಚೌಕಕ್ಕೆ ಕತ್ತರಿಸಿ, ಬ್ರಷ್ಷಿನಿಂದ ಎತ್ತಿ ಸ್ಲೈಡಿನ ನಡುವಿನ ಹನಿಯಲ್ಲಿ ಹರಡಿ ಇಡುತ್ತಾರೆ. ಕವರ್ ಸ್ಲಿಪ್ಪನ್ನು ಮೇಲಿನಿಂದ ನೇರವಾಗಿ ಹಾಕುವುದಿಲ್ಲ. ಅದರ ಒಂದು ಅಂಚನ್ನು ಹನಿಗೆ ತಾಗಿಸಿ, ಓರೆಯಾಗಿ ಹಿಡಿದು, ಇನ್ನೊಂದು ಅಂಚನ್ನು ಸೂಜಿಯ ಆಸರೆಯಲ್ಲಿ ಮೆಲ್ಲಗೆ ಇಳಿಸುತ್ತಾರೆ. ಹೀಗೆ ಮಾಡಿದಾಗ ನೀರು ಒಂದು ಬದಿಯಿಂದ ಇನ್ನೊಂದು ಬದಿಗೆ ಮುಂದುವರಿಯುತ್ತ ಗಾಳಿಯನ್ನು ಹೊರಗೆ ತಳ್ಳುತ್ತದೆ. ಹನಿ ಹೆಚ್ಚಾದರೆ ಕವರ್ ಸ್ಲಿಪ್ ತೇಲುತ್ತದೆ, ಪೊರೆ ಜಾರುತ್ತದೆ, ಆಬ್ಜೆಕ್ಟಿವ್ ಮಸೂರ ಒದ್ದೆಯಾಗುತ್ತದೆ. ಅಂಚಿಗೆ ಒಂದು ಚೂರು ಬ್ಲಾಟಿಂಗ್ ಪೇಪರ್ ತಾಗಿಸಿದರೆ ಹೆಚ್ಚಿನ ನೀರು ಹೋಗುತ್ತದೆ.

ಇಷ್ಟೆಲ್ಲ ಎಚ್ಚರಿಕೆಯ ನಂತರವೂ ಒಂದೆರಡು ಗುಳ್ಳೆಗಳು ಉಳಿಯುತ್ತವೆ. ಹೊಸಬರ ಕಣ್ಣಿಗೆ ಮೊದಲು ಬೀಳುವುದು ಅವೇ, ರೆಕಾರ್ಡ್ ಪುಸ್ತಕದಲ್ಲಿ ಕೋಶ ಎಂಬ ಹೆಸರಿನಲ್ಲಿ ಮೂಡುವುದೂ ಹಲವು ಸಲ ಅವೇ. ಗಾಳಿಯ ವಕ್ರೀಭವನ ಸೂಚ್ಯಂಕ 1, ನೀರಿನದು 1.33. ಈ ಅಂತರದಿಂದಾಗಿ ಗುಳ್ಳೆಯ ಅಂಚಿನಲ್ಲಿ ಬೆಳಕು ಬಾಗಿ ಮಸೂರದಿಂದ ಆಚೆ ಹೋಗುತ್ತದೆ. ಅದಕ್ಕೇ ಅಲ್ಲಿ ದಪ್ಪ ಕಪ್ಪು ಉಂಗುರ ಕಾಣುತ್ತದೆ. ಉಂಗುರ ನಿಖರವಾಗಿ ದುಂಡಗಿದ್ದು, ಅದರ ಒಳಗೆ ಏನೂ ಇಲ್ಲದೆ, ಸೂಜಿಯಿಂದ ಕವರ್ ಸ್ಲಿಪ್ಪನ್ನು ಮುಟ್ಟಿದಾಗ ಆಕಾರ ಬದಲಾದರೆ ಅದು ಗುಳ್ಳೆ. ಈರುಳ್ಳಿಯ ಕೋಶ ಎಂದೂ ಅಷ್ಟು ದುಂಡಗಿರುವುದಿಲ್ಲ. ಅದು ಉದ್ದನೆಯದು, ತುದಿಗಳು ಕೋನವಾಗಿ ಪಕ್ಕದ ಕೋಶಗಳ ನಡುವೆ ಸೇರಿಕೊಂಡಿರುತ್ತವೆ.

ಬಣ್ಣ ಹಾಕದ ಪೊರೆಯಲ್ಲಿ ಕೋಶಭಿತ್ತಿಗಳು ಕಾಣುತ್ತವೆ, ಒಳಗಿನದು ಅಷ್ಟಾಗಿ ಕಾಣುವುದಿಲ್ಲ. ಕೋಶಕೇಂದ್ರವೂ ಕೋಶದ್ರವ್ಯವೂ ನೀರಿನಷ್ಟೇ ಪಾರದರ್ಶಕವಾಗಿರುವುದು ಇದಕ್ಕೆ ಕಾರಣ. ರಾಬರ್ಟ್ ಹುಕ್ 1665ರಲ್ಲಿ ಬೆಂಡಿನ ತುಣುಕಿನಲ್ಲಿ ಕಂಡದ್ದು ಸತ್ತ ಕೋಶಗಳ ಖಾಲಿ ಗೋಡೆಗಳನ್ನು. ಆರ್ಕಿಡ್ ಗಿಡಗಳ ಕೋಶಗಳಲ್ಲಿ ಕೋಶಕೇಂದ್ರವನ್ನು ಗುರುತಿಸಿ ರಾಬರ್ಟ್ ಬ್ರೌನ್ ವಿವರಿಸಿದ್ದು 1831ರಲ್ಲಿ. ಇವೆರಡರ ನಡುವೆ 166 ವರ್ಷ ಕಳೆದಿತ್ತು. ಈಗಿನ ವಿದ್ಯಾರ್ಥಿ ಅದೇ ದಾರಿಯನ್ನು ಒಂದು ನಿಮಿಷದಲ್ಲಿ ದಾಟುವುದು ಸಫ್ರನಿನ್ ಅಥವಾ ಅಯೋಡಿನ್‌ನ ಒಂದು ಹನಿಯಿಂದ. ತೆಳು ಸಫ್ರನಿನ್ ಭಿತ್ತಿಯನ್ನೂ ಕೋಶಕೇಂದ್ರವನ್ನೂ ಕೆಂಪಾಗಿಸುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಎಲ್ಲವೂ ಕೆಂಪಾಗಿ ಏನೂ ಬೇರೆಯಾಗಿ ಕಾಣದು, ಆಗ ನೀರಿನಲ್ಲಿ ತೊಳೆದು ಹೆಚ್ಚಿನ ಬಣ್ಣ ತೆಗೆಯಬೇಕು. ಅಯೋಡಿನ್ ಕೋಶಕೇಂದ್ರಕ್ಕೆ ಕಂದು ಹಳದಿ ಬಣ್ಣ ಕೊಡುತ್ತದೆ. ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಪೊರೆಯಲ್ಲಿ ನೀಲಿಗಪ್ಪು ಎಲ್ಲೂ ಕಾಣುವುದಿಲ್ಲ. ಪಕ್ಕದಲ್ಲೇ ಆಲೂಗಡ್ಡೆಯ ತಿರುಳನ್ನು ಕೆರೆದು ಅದೇ ಅಯೋಡಿನ್ ಹಾಕಿದರೆ ಪಿಷ್ಟದ ಕಣಗಳು ತಕ್ಷಣ ಕಪ್ಪಾಗುತ್ತವೆ. ಈರುಳ್ಳಿ ತನ್ನ ಗಡ್ಡೆಯಲ್ಲಿ ಆಹಾರವನ್ನು ಪಿಷ್ಟವಾಗಿ ಅಲ್ಲ, ಸಕ್ಕರೆ ಮತ್ತು ಫ್ರಕ್ಟಾನ್‌ಗಳ ರೂಪದಲ್ಲಿ ಕೂಡಿಡುತ್ತದೆ. ಬಣ್ಣ ಬಾರದಿರುವುದೂ ಒಂದು ಫಲಿತಾಂಶ. ಆದರೆ ಅದನ್ನು ನಂಬಬೇಕಾದರೆ ಅದೇ ಬಾಟಲಿಯ ಅಯೋಡಿನ್ ಬೇರೆಡೆ ಕೆಲಸ ಮಾಡಿದೆ ಎಂದು ತೋರಿಸುವ ಆಲೂಗಡ್ಡೆ ಪಕ್ಕದಲ್ಲಿರಬೇಕು.

ಬಣ್ಣ ಹಾಕುವುದಕ್ಕೆ ಒಂದು ಬೆಲೆಯೂ ಇದೆ. ಅಯೋಡಿನ್ ಕೋಶವನ್ನು ಕೊಲ್ಲುತ್ತದೆ. ಬಣ್ಣವಿಲ್ಲದ ತಾಜಾ ಪೊರೆಯನ್ನು 400 ಪಟ್ಟು ವರ್ಧನೆಯಲ್ಲಿ, ಬೆಳಕನ್ನು ತಗ್ಗಿಸಿ, ತಾಳ್ಮೆಯಿಂದ ನೋಡಿದರೆ ಭಿತ್ತಿಯ ಒಳ ಅಂಚಿನಲ್ಲೂ ರಸದಾನಿಯನ್ನು ಹಾದುಹೋಗುವ ಸಣ್ಣ ಎಳೆಗಳಲ್ಲೂ ಕಣಗಳು ಸಾಲಾಗಿ ಹರಿಯುತ್ತಿರುವುದು ಕಾಣುತ್ತದೆ. ಅದು ಜೀವಂತ ಕೋಶದ್ರವ್ಯದ ಚಲನೆ. ಅಯೋಡಿನ್ ಹನಿ ತಲುಪಿದೊಡನೆ ಅದು ನಿಂತುಹೋಗುತ್ತದೆ. ಕೋಶದ ರಚನೆ ಬೇಕೋ, ಅದರ ಬದುಕು ಬೇಕೋ ಎಂಬುದನ್ನು ಡ್ರಾಪರ್ ಎತ್ತುವ ಮುನ್ನವೇ ತೀರ್ಮಾನಿಸಿರಬೇಕು. ಪ್ರಯೋಗದ ಕೈಪಿಡಿಗಳು ಈ ಮಾತನ್ನು ಸಾಮಾನ್ಯವಾಗಿ ಹೇಳದೆ ಬಿಡುತ್ತವೆ.

ಸೂಕ್ಷ್ಮದರ್ಶಕದಲ್ಲಿ ಯಾವಾಗಲೂ ಕಡಿಮೆ ಶಕ್ತಿಯ ಆಬ್ಜೆಕ್ಟಿವ್‌ನಿಂದ ಆರಂಭಿಸಬೇಕೆಂಬ ನಿಯಮವನ್ನು ಎಲ್ಲ ಶಿಕ್ಷಕರೂ ಹೇಳುತ್ತಾರೆ. ಅದರ ಹಿಂದೆ ಎರಡು ಕಾರಣಗಳಿವೆ. ಸಾಮಾನ್ಯ ಕಾಲೇಜು ಸೂಕ್ಷ್ಮದರ್ಶಕದಲ್ಲಿ 10 ಪಟ್ಟಿನ ಆಬ್ಜೆಕ್ಟಿವ್ ತೋರಿಸುವ ವೃತ್ತದ ವ್ಯಾಸ ಸುಮಾರು 1.8 ಮಿಲಿಮೀಟರ್, 40 ಪಟ್ಟಿನದು ತೋರಿಸುವುದು ಸುಮಾರು 0.45 ಮಿಲಿಮೀಟರ್. ವಿಸ್ತೀರ್ಣದಲ್ಲಿ ಇದು ಹದಿನಾರು ಪಟ್ಟು ಕಡಿಮೆ. ನೇರವಾಗಿ 40ಕ್ಕೆ ಹೋದವರು ಸ್ಲೈಡಿನ ಖಾಲಿ ಜಾಗದಲ್ಲೇ ಹುಡುಕುತ್ತ ಕೂರಬೇಕಾಗುತ್ತದೆ. ಎರಡನೆಯ ಕಾರಣ ದೂರದ್ದು. ಫೋಕಸ್ ಆಗಿರುವಾಗ 40 ಪಟ್ಟಿನ ಮಸೂರಕ್ಕೂ ಕವರ್ ಸ್ಲಿಪ್ಪಿಗೂ ನಡುವೆ ಉಳಿಯುವ ಜಾಗ ಅರ್ಧ ಮಿಲಿಮೀಟರಿನ ಆಸುಪಾಸು. ಆಗ ದೊಡ್ಡ ತಿರುಗುಗುಂಡಿಗೆ ಕೈಹಾಕಿದರೆ ಗಾಜು ಒಡೆಯುತ್ತದೆ, ಮಸೂರಕ್ಕೆ ಗೀರು ಬೀಳುತ್ತದೆ. ಕಡಿಮೆ ಶಕ್ತಿಯಲ್ಲಿ ಪಕ್ಕದಿಂದ ನೋಡುತ್ತ ಮಸೂರವನ್ನು ಸ್ಲೈಡಿನ ಹತ್ತಿರಕ್ಕೆ ತಂದು, ಆಮೇಲೆ ಐಪೀಸಿನಲ್ಲಿ ನೋಡುತ್ತ ದೂರ ಸರಿಸುವುದು ಸರಿಯಾದ ಕ್ರಮ. ಒಮ್ಮೆ ಚಿತ್ರ ಸ್ಪಷ್ಟವಾದ ಮೇಲೆ ಆಬ್ಜೆಕ್ಟಿವ್ ತಿರುಗಿಸಿದರೂ ಫೋಕಸ್ ಹೆಚ್ಚುಕಡಿಮೆ ಉಳಿಯುವಂತೆ ಮಸೂರಗಳನ್ನು ಜೋಡಿಸಿರುತ್ತಾರೆ. ಮಿಕ್ಕದ್ದು ಸಣ್ಣ ಗುಂಡಿಯ ಕೆಲಸ.

ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವ ಭಾಗ ವೇದಿಕೆಯ ಕೆಳಗಿರುವ ಡಯಾಫ್ರಮ್. ಅದನ್ನು ಪೂರ್ತಿ ತೆರೆದರೆ ಬೆಳಕು ತುಂಬಿ ಬಣ್ಣವಿಲ್ಲದ ರಚನೆಗಳು ಮಾಯವಾಗುತ್ತವೆ. ತುಸು ಮುಚ್ಚಿದರೆ ಅಂಚುಗಳು ಎದ್ದು ಕಾಣುತ್ತವೆ, ತೀರ ಮುಚ್ಚಿದರೆ ಸೂಕ್ಷ್ಮ ವಿವರ ಕಳೆದುಹೋಗುತ್ತದೆ. ಈ ಕೊನೆಯ ಮಾತು ಅರ್ಥವಾಗಬೇಕಾದರೆ ವರ್ಧನೆಯನ್ನೂ ವಿವರವನ್ನೂ ಬೇರೆಬೇರೆಯಾಗಿ ನೋಡಬೇಕು. 10 ಪಟ್ಟಿನ ಐಪೀಸ್, 40 ಪಟ್ಟಿನ ಆಬ್ಜೆಕ್ಟಿವ್ ಸೇರಿ ಚಿತ್ರವನ್ನು 400 ಪಟ್ಟು ಹಿಗ್ಗಿಸುತ್ತವೆ. ಆದರೆ ಅಕ್ಕಪಕ್ಕದ ಎರಡು ಚುಕ್ಕೆಗಳನ್ನು ಬಿಡಿಸಿ ತೋರುವ ಶಕ್ತಿ ನಿರ್ಧಾರವಾಗುವುದು ಬೆಳಕಿನ ಅಲೆಯುದ್ದ ಮತ್ತು ಮಸೂರ ಎಷ್ಟು ಅಗಲದ ಕೋನದಿಂದ ಬೆಳಕನ್ನು ಹಿಡಿಯುತ್ತದೆ ಎಂಬುದರಿಂದ. ಜರ್ಮನಿಯ ಅರ್ನ್ಸ್ಟ್ ಅಬ್ಬೆ 1873ರಲ್ಲಿ ಇದನ್ನು ತೋರಿಸಿಕೊಟ್ಟರು. ಮಸೂರದ ಮೈಮೇಲೆ 40 ಎಂಬುದರ ಪಕ್ಕದಲ್ಲಿ ಕೆತ್ತಿರುವ 0.65 ಎಂಬ ಸಂಖ್ಯೆ ಆ ಕೋನವನ್ನು ಸೂಚಿಸುತ್ತದೆ. ಅಲೆಯುದ್ದವನ್ನು ಆ ಸಂಖ್ಯೆಯ ಎರಡರಷ್ಟರಿಂದ ಭಾಗಿಸಬೇಕು. 0.55 ಮೈಕ್ರಾನ್ ಅಲೆಯುದ್ದದ ಹಸಿರು ಬೆಳಕಿಗೆ ಉತ್ತರ ಸುಮಾರು 0.42 ಮೈಕ್ರಾನ್. ಎಣ್ಣೆ ಹಾಕಿ ನೋಡುವ 100 ಪಟ್ಟಿನ, 1.25 ಎಂದು ಕೆತ್ತಿರುವ ಮಸೂರಕ್ಕೆ ಅದು 0.22 ಮೈಕ್ರಾನ್. ಐಪೀಸನ್ನು 10ರಿಂದ 20ಕ್ಕೆ ಬದಲಿಸಿದರೆ ಚಿತ್ರ ದೊಡ್ಡದಾಗುತ್ತದೆ, ಹೊಸ ವಿವರವೊಂದೂ ಸೇರುವುದಿಲ್ಲ. ರೈಬೋಸೋಮಿನ ಅಗಲ ಸುಮಾರು 0.025 ಮೈಕ್ರಾನ್. ಆದ್ದರಿಂದ ಈರುಳ್ಳಿ ಪೊರೆಯ ಚಿತ್ರದಲ್ಲಿ ರೈಬೋಸೋಮ್, ಗಾಲ್ಗಿ ಎಂದು ಗುರುತಿಸಿದ್ದರೆ ಆ ಚಿತ್ರ ಪಠ್ಯಪುಸ್ತಕದಿಂದ ಬಂದದ್ದು, ಸ್ಲೈಡಿನಿಂದ ಅಲ್ಲ.

ಚಿತ್ರ ಬಿಡಿಸುವುದು ಕಲೆಯ ಪರೀಕ್ಷೆಯಲ್ಲ, ನೋಟದ ಪರೀಕ್ಷೆ. ಮೊನಚಾದ ಪೆನ್ಸಿಲ್, ಕಡಿಯದ ಗೆರೆ, ನೆರಳು ಬೇಡ, ಕಂಡಷ್ಟೇ ಸಾಕು. ಮೂರು ಕೋಶಗಳನ್ನು ನಿಷ್ಠೆಯಿಂದ ಬಿಡಿಸಿದ್ದು ಪುಟ ತುಂಬಿದ ಇಟ್ಟಿಗೆಯ ಗೋಡೆಗಿಂತ ಮೇಲು. ಚಿತ್ರದ ಕೆಳಗೆ 400 ಪಟ್ಟು ಎಂದು ಬರೆಯುವ ರೂಢಿಯಂತೂ ತಪ್ಪು. ಅದು ಸೂಕ್ಷ್ಮದರ್ಶಕದ ವರ್ಧನೆ, ಚಿತ್ರದ್ದಲ್ಲ. ಚಿತ್ರದ ವರ್ಧನೆ ತಿಳಿಯಬೇಕಾದರೆ ಕೋಶದ ನಿಜವಾದ ಅಳತೆ ಗೊತ್ತಿರಬೇಕು. ಅದಕ್ಕಾಗಿ ಐಪೀಸಿನೊಳಗೆ ಗೆರೆಗಳಿರುವ ಗಾಜಿನ ಬಿಲ್ಲೆಯನ್ನೂ ವೇದಿಕೆಯ ಮೇಲೆ ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿದ ಅಳತೆಯ ಸ್ಲೈಡನ್ನೂ ಇಡುತ್ತಾರೆ. ಸ್ಲೈಡಿನ ಒಂದು ಭಾಗ 10 ಮೈಕ್ರಾನ್ ಎಂಬುದು ಖಚಿತ. ಐಪೀಸಿನ ಭಾಗಕ್ಕೆ ತನ್ನದೇ ಆದ ಬೆಲೆಯಿಲ್ಲ, ಪ್ರತಿ ಆಬ್ಜೆಕ್ಟಿವ್‌ಗೂ ಅದು ಬದಲಾಗುತ್ತದೆ. 40 ಪಟ್ಟಿನಲ್ಲಿ ಐಪೀಸಿನ 40 ಭಾಗಗಳು ಸ್ಲೈಡಿನ 10 ಭಾಗಗಳಿಗೆ ಸರಿಹೊಂದಿದರೆ, 100 ಮೈಕ್ರಾನನ್ನು 40ರಿಂದ ಭಾಗಿಸಿ ಐಪೀಸಿನ ಒಂದು ಭಾಗಕ್ಕೆ 2.5 ಮೈಕ್ರಾನ್ ಎಂದಾಯಿತು. ಅದೇ ಉಪಕರಣದಲ್ಲಿ 10 ಪಟ್ಟಿನ ಆಬ್ಜೆಕ್ಟಿವ್‌ಗೆ ಅದು 10 ಮೈಕ್ರಾನ್. ಈಗ ಅಳತೆಯ ಸ್ಲೈಡ್ ತೆಗೆದು ಪೊರೆಯನ್ನಿಟ್ಟಾಗ ಒಂದು ಕೋಶ ಐಪೀಸಿನ 28 ಭಾಗ ಉದ್ದವಿದ್ದರೆ ಅದರ ಉದ್ದ 280 ಮೈಕ್ರಾನ್. ಕಾಗದದ ಮೇಲೆ ಅದನ್ನು 7 ಸೆಂಟಿಮೀಟರ್, ಅಂದರೆ 70,000 ಮೈಕ್ರಾನ್ ಉದ್ದಕ್ಕೆ ಬಿಡಿಸಿದ್ದರೆ ಚಿತ್ರದ ವರ್ಧನೆ 250 ಪಟ್ಟು.

ಗಡ್ಡೆಯ ಕೆಂಪು ಪದರದ ಹೊರಮೈಯ ಪೊರೆಯಲ್ಲಿ ಬಣ್ಣ ಹಾಕುವ ಅಗತ್ಯವೇ ಇಲ್ಲ. ಆಂಥೋಸಯನಿನ್ ಎಂಬ ವರ್ಣದ್ರವ್ಯ ಕೋಶದ ರಸದಾನಿಯಲ್ಲೇ ಕರಗಿರುತ್ತದೆ. ಒಳಮೈಯ ಪೊರೆಯಷ್ಟು ಸುಲಭವಾಗಿ ಇದು ಸುಲಿದು ಬರುವುದಿಲ್ಲ. ಆದರೆ ಕೋಶದೊಳಗಿನಿಂದ ನೀರು ಹೊರಹೋಗುವುದನ್ನು ಕಣ್ಣಾರೆ ನೋಡಲು ಇದಕ್ಕಿಂತ ಒಳ್ಳೆಯ ವಸ್ತು ಕಡಿಮೆ. ಕಾಲೇಜುಗಳಲ್ಲಿ ಇದೇ ಕೆಲಸಕ್ಕೆ ಬಳಸುವ ರಿಯೋ ಗಿಡದ ನೇರಳೆ ಎಲೆಯನ್ನು ಡಚ್ ಸಸ್ಯವಿಜ್ಞಾನಿ ಹ್ಯೂಗೊ ಡಿ ವ್ರೀಸ್ 1880ರ ದಶಕದಲ್ಲೇ ಬಳಸಿದ್ದರು. ಬೇರೆಬೇರೆ ಲವಣಗಳ ದ್ರಾವಣಗಳ ಬಲವನ್ನು ಅವರು ಎಲೆಯ ಕೋಶಗಳಿಂದಲೇ ಅಳೆದರು, ಆ ಅಂಕಿಗಳು ರಸಾಯನವಿಜ್ಞಾನಿ ವಾಂಟ್ ಹಾಫ್ ಅವರ ದ್ರಾವಣ ಸಿದ್ಧಾಂತಕ್ಕೆ ಆಧಾರವಾದವು.

ಮೊದಲು ದ್ರಾವಣ. ಶೇಕಡಾ 5ರ ಉಪ್ಪುನೀರು ಎಂದರೆ 5 ಗ್ರಾಂ ಉಪ್ಪಿಗೆ 100 ಮಿಲಿಲೀಟರ್ ನೀರು ಸುರಿಯುವುದಲ್ಲ. ಸುಮಾರು 80 ಮಿಲಿಲೀಟರ್ ನೀರಿನಲ್ಲಿ ಉಪ್ಪನ್ನು ಪೂರ್ತಿ ಕರಗಿಸಿ, ಆಮೇಲೆ ಒಟ್ಟು ಪ್ರಮಾಣ 100ಕ್ಕೆ ಬರುವಷ್ಟು ನೀರು ಸೇರಿಸಬೇಕು. ಅಳತೆಯ ಜಾಡಿಯಲ್ಲಿ ನೀರಿನ ಮೇಲ್ಮೈ ನಡುವೆ ತಗ್ಗಿರುತ್ತದೆ. ಕಣ್ಣನ್ನು ಅದೇ ಮಟ್ಟಕ್ಕೆ ತಂದು ತಗ್ಗಿನ ತಳವನ್ನು ಓದಬೇಕು. ಇದರಿಂದ ಶೇಕಡಾ 1ರ ದ್ರಾವಣ ಬೇಕಿದ್ದರೆ 20 ಮಿಲಿಲೀಟರ್ ತೆಗೆದು 100ಕ್ಕೆ ತುಂಬಿಸಿದರಾಯಿತು, ಐದರಲ್ಲೊಂದು ಪಾಲು.

ಪೊರೆಯನ್ನು ನೀರಿನಲ್ಲಿಟ್ಟು ಫೋಕಸ್ ಮಾಡಿ, ಕವರ್ ಸ್ಲಿಪ್ಪಿನ ಒಂದು ಅಂಚಿಗೆ ಉಪ್ಪುನೀರಿನ ಹನಿ, ಎದುರಿನ ಅಂಚಿಗೆ ಬ್ಲಾಟಿಂಗ್ ಪೇಪರ್ ಇಟ್ಟರೆ ದ್ರಾವಣ ಅಡಿಯಲ್ಲಿ ಹಾದುಹೋಗುತ್ತದೆ. ಕೆಲವೇ ನಿಮಿಷಗಳಲ್ಲಿ ಕೆಂಪು ಬಣ್ಣ ಕೋಶದ ಮೂಲೆಗಳನ್ನು ಬಿಟ್ಟು ಒಳಕ್ಕೆ ಸರಿಯುತ್ತದೆ, ಕುಗ್ಗುತ್ತ ಗಾಢವಾಗುತ್ತದೆ. ಭಿತ್ತಿ ಇದ್ದಲ್ಲೇ ಇರುತ್ತದೆ. ಭಿತ್ತಿಗೂ ಕೋಶಪೊರೆಗೂ ನಡುವೆ ತೆರೆದ ಜಾಗದಲ್ಲಿ ಏನಿದೆ ಎಂಬುದು ಪರೀಕ್ಷಕರ ಮೆಚ್ಚಿನ ಪ್ರಶ್ನೆ. ಅಲ್ಲಿರುವುದು ಉಪ್ಪುನೀರು, ಏಕೆಂದರೆ ಭಿತ್ತಿ ಎಲ್ಲವನ್ನೂ ಒಳಬಿಡುತ್ತದೆ, ಆಯ್ಕೆ ಮಾಡುವುದು ಕೋಶಪೊರೆ ಮಾತ್ರ. ಇಷ್ಟಕ್ಕೇ ನಿಲ್ಲಿಸಿದರೆ ಪ್ರಯೋಗ ಅರ್ಧವಾಗುತ್ತದೆ. ನೀರಿನಲ್ಲೇ ಇಟ್ಟ ಇನ್ನೊಂದು ತುಣುಕು ಅಷ್ಟೇ ಹೊತ್ತಿನ ಮೇಲೂ ಕುಗ್ಗದೆ ಇದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಕುಗ್ಗಿಸಿದ್ದು ಉಪ್ಪೋ ದೀಪದ ಬಿಸಿಯೋ ತಿಳಿಯದು. ಕುಗ್ಗಿದ ತುಣುಕಿಗೆ ಮತ್ತೆ ನೀರು ಹಾಯಿಸಿದಾಗ ಬಣ್ಣ ಹರಡಿ ಕೋಶ ತುಂಬಿಕೊಂಡರೆ ಕೋಶಗಳು ಬದುಕಿವೆ ಎಂದು ಖಾತ್ರಿ. ಮೂರನೆಯ ತುಣುಕನ್ನು ಒಂದು ನಿಮಿಷ ಕುದಿಸಿ ನೋಡಿದರೆ ಅದರ ಬಣ್ಣ ನೀರಿಗೆ ಸೋರಿಹೋಗಿರುತ್ತದೆ, ಉಪ್ಪುನೀರಿಗೂ ಅದು ಜಗ್ಗುವುದಿಲ್ಲ. ಕೋಶಪೊರೆ ಕೆಟ್ಟ ಮೇಲೆ ಅಭಿಸರಣೆಯ ಆಟ ಮುಗಿದಂತೆ. ಶೇಕಡಾ 1ರಿಂದ 5ರವರೆಗಿನ ದ್ರಾವಣಗಳಲ್ಲಿ ಅರ್ಧದಷ್ಟು ಕೋಶಗಳು ಕುಗ್ಗಲು ತೊಡಗುವ ಬಲ ಯಾವುದೆಂದು ಹುಡುಕಿದರೆ ಕೋಶರಸದ ಬಲವನ್ನೇ ಅಂದಾಜು ಮಾಡಿದಂತಾಗುತ್ತದೆ.

ಬೇರಿನ ತುದಿಯ ಕೆಲಸಕ್ಕೆ ತಯಾರಿ ಹೆಚ್ಚು. ಗಡ್ಡೆಯ ಒಣ ಬೇರುಗಳನ್ನು ಕೆರೆದು, ಬುಡ ಮಾತ್ರ ನೀರಿಗೆ ತಾಗುವಂತೆ ಜಾಡಿಯ ಬಾಯಿಯ ಮೇಲೆ ಕೂರಿಸುತ್ತಾರೆ. ಬೇರು ಒಂದೆರಡು ಸೆಂಟಿಮೀಟರ್ ಆದಾಗ ಬೆಳಗಿನ ಹೊತ್ತು ತುದಿಯ ಎರಡು ಮೂರು ಮಿಲಿಮೀಟರ್ ಮಾತ್ರ ಕತ್ತರಿಸುತ್ತಾರೆ. ತುತ್ತತುದಿಯಲ್ಲಿರುವುದು ಬೇರಿನ ಟೋಪಿ, ಅದರ ಹಿಂದಿನ ಒಂದೆರಡು ಮಿಲಿಮೀಟರಿನಲ್ಲಷ್ಟೇ ವಿಭಜನೆ ಬಿರುಸಾಗಿರುತ್ತದೆ. ಅಲ್ಲಿಂದ ಮೇಲಿನ ಕೋಶಗಳು ವಿಭಜನೆ ಬಿಟ್ಟು ಉದ್ದವಾಗತೊಡಗಿರುತ್ತವೆ. ಸೆಂಟಿಮೀಟರ್ ಉದ್ದ ಕತ್ತರಿಸಿ ಎಲ್ಲವನ್ನೂ ಸ್ಲೈಡಿಗೆ ಹಾಕಿದವರಿಗೆ ಒಂದೂ ವಿಭಜನೆ ಸಿಗದಿರುವುದು ಇದಕ್ಕೇ.

ತುದಿಗಳನ್ನು ಮೂರು ಪಾಲು ಆಲ್ಕೊಹಾಲ್, ಒಂದು ಪಾಲು ಅಸಿಟಿಕ್ ಆಮ್ಲದ ಆಗಷ್ಟೇ ಬೆರೆಸಿದ ಮಿಶ್ರಣದಲ್ಲಿ 24 ಗಂಟೆ ಇಟ್ಟು ಸ್ಥಿರಗೊಳಿಸುತ್ತಾರೆ. ಆಮ್ಲ ವೇಗವಾಗಿ ಒಳನುಗ್ಗಿ ಅಂಗಾಂಶವನ್ನು ಉಬ್ಬಿಸುತ್ತದೆ, ಆಲ್ಕೊಹಾಲ್ ಕುಗ್ಗಿಸುತ್ತದೆ. ಒಂದರ ಕೆಡುಕನ್ನು ಇನ್ನೊಂದು ಸರಿದೂಗಿಸುತ್ತದೆ, ಕೋಶ ಆ ಕ್ಷಣದಲ್ಲಿದ್ದಂತೆಯೇ ನಿಲ್ಲುತ್ತದೆ. ಆಮೇಲೆ 60 ಡಿಗ್ರಿ ಸೆಲ್ಸಿಯಸ್ ಬಿಸಿಯ 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕೆಲವು ನಿಮಿಷ ಇಟ್ಟರೆ ಕೋಶಗಳನ್ನು ಒಂದಕ್ಕೊಂದು ಅಂಟಿಸಿದ ಪೆಕ್ಟಿನ್ ಕರಗುತ್ತದೆ. ಬಣ್ಣಕ್ಕೆ ಅಸಿಟೋಕಾರ್ಮಿನ್. ಇದರ ಕೆಂಪು ಬರುವುದು ಪಾಪಾಸುಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಕೀಟದಿಂದ. ಸ್ಪಿರಿಟ್ ದೀಪದ ಮೇಲೆ ಬೆಚ್ಚಗೆ ಮಾಡಬೇಕು, ಕುದಿಯಬಾರದು. ಆಲ್ಕೊಹಾಲಿನ ಬಾಟಲಿ ಆ ದೀಪದ ಹತ್ತಿರ ಇರಲೇಬಾರದು.

ಕೊನೆಯ ಹಂತ ಒತ್ತುವುದು. ಮಡಿಸಿದ ಬ್ಲಾಟಿಂಗ್ ಪೇಪರಿನ ಕೆಳಗೆ ಸ್ಲೈಡನ್ನಿಟ್ಟು ಹೆಬ್ಬೆರಳಿನಿಂದ ನೇರ ಕೆಳಕ್ಕೆ ಒತ್ತಬೇಕು. ಕವರ್ ಸ್ಲಿಪ್ ಕೂದಲೆಳೆಯಷ್ಟು ಪಕ್ಕಕ್ಕೆ ಜಾರಿದರೂ ಕೋಶಗಳು ಉರುಳಿ ಹೊಸೆದುಹೋಗುತ್ತವೆ. ಸರಿಯಾಗಿ ಒತ್ತಿದ ಸ್ಲೈಡಿನಲ್ಲಿ ಕೋಶಗಳು ಒಂದೇ ಪದರವಾಗಿ ಹರಡಿರುತ್ತವೆ. ಹೆಚ್ಚಿನವುಗಳಲ್ಲಿ ಕೋಶಕೇಂದ್ರ ದುಂಡಗೆ, ಹರಳುಹರಳಾಗಿ ಇರುತ್ತದೆ. ಕೆಲವುಗಳಲ್ಲಿ ದಾರದ ಉಂಡೆಯಂತೆ ಕಾಣುವ ಪ್ರೋಫೇಸ್, ನಡುವೆ ಸಾಲುಗೂಡಿದ ಮೆಟಾಫೇಸ್, ಎರಡು ಧ್ರುವಗಳತ್ತ ಸೆಳೆದ ಅನಾಫೇಸ್, ಎರಡು ಕೋಶಕೇಂದ್ರಗಳ ನಡುವೆ ಹೊಸ ಗೋಡೆ ಮೂಡುವ ಟೀಲೋಫೇಸ್. ವಾಲ್ಟರ್ ಫ್ಲೆಮಿಂಗ್ 1882ರ ತಮ್ಮ ಗ್ರಂಥದಲ್ಲಿ ಮೈಟಾಸಿಸ್ ಎಂದು ಕರೆದದ್ದು ಈ ಸರಣಿಯನ್ನೇ. ಅವರು ಹೆಚ್ಚಾಗಿ ನೋಡಿದ್ದು ಸಲಮಾಂಡರ್ ಮರಿಗಳ ಕೋಶಗಳನ್ನು.

ಸ್ಲೈಡಿನಲ್ಲಿರುವ ಕೋಶಗಳೆಲ್ಲ ಸತ್ತಿವೆ, ಯಾವುದೂ ಚಲಿಸುವುದಿಲ್ಲ. ಆದರೂ ಯಾವ ಹಂತ ಎಷ್ಟು ಹೊತ್ತು ನಡೆಯುತ್ತದೆಂದು ಎಣಿಕೆಯಿಂದ ತಿಳಿಯಬಹುದು. ಹೆಚ್ಚು ಹೊತ್ತು ಹಿಡಿಯುವ ಹಂತದಲ್ಲಿ ಹೆಚ್ಚು ಕೋಶಗಳು ಸಿಕ್ಕಿಬೀಳುತ್ತವೆ. 400 ಕೋಶಗಳಲ್ಲಿ 36 ವಿಭಜನೆಯಲ್ಲಿದ್ದರೆ ವಿಭಜನೆಯ ಸೂಚ್ಯಂಕ ಶೇಕಡಾ 9. ಇಲ್ಲಿ ಕೈಚಳಕಕ್ಕಿಂತ ಪ್ರಾಮಾಣಿಕತೆ ದೊಡ್ಡದು. ಚೆಂದದ ಮೆಟಾಫೇಸ್ ಇರುವ ಜಾಗವನ್ನೇ ಹುಡುಕಿ ಎಣಿಸಿದರೆ ಸೂಚ್ಯಂಕ ಸುಳ್ಳಾಗಿ ಏರುತ್ತದೆ. ಸ್ಲೈಡನ್ನು ಸಾಲಾಗಿ ಸರಿಸುತ್ತ, ಎದುರಾದ ಪ್ರತಿ ವೃತ್ತದಲ್ಲೂ ಕಂಡ ಎಲ್ಲ ಕೋಶಗಳನ್ನೂ ಎಣಿಸಬೇಕು. ಗಡಿಯಲ್ಲಿ ಅರ್ಧ ಕಾಣುವ ಕೋಶಗಳನ್ನು ಸೇರಿಸುವುದೋ ಬಿಡುವುದೋ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಈ ಬೇರಿನ ಕೆಲಸದಿಂದ ಬಂದವರೊಬ್ಬರು ಮನುಷ್ಯನ ವರ್ಣತಂತುಗಳ ಲೆಕ್ಕವನ್ನೂ ಸರಿಪಡಿಸಿದರು. ಸ್ವೀಡನ್ನಿನ ಸಸ್ಯ ಕೋಶವಿಜ್ಞಾನಿ ಆಲ್ಬರ್ಟ್ ಲೆವಾನ್ 1938ರಲ್ಲಿ ಈರುಳ್ಳಿ ಬೇರಿನ ಮೇಲೆ ಕಾಲ್ಚಿಸಿನ್‌ನ ಪರಿಣಾಮವನ್ನು ವಿವರಿಸಿದರು. ನಮ್ಮ ಅಗ್ನಿಶಿಖೆಯ ಗಡ್ಡೆಯಲ್ಲೂ ಇರುವ ಈ ವಿಷ ವರ್ಣತಂತುಗಳನ್ನು ಎಳೆಯುವ ಎಳೆಗಳು ಕೂಡದಂತೆ ತಡೆಯುತ್ತದೆ. ಕೋಶಗಳು ಮೆಟಾಫೇಸಿನಲ್ಲೇ ನಿಂತು ವರ್ಣತಂತುಗಳು ಗಿಡ್ಡವಾಗಿ ಬಿಡಿಬಿಡಿಯಾಗಿ ಕಾಣುತ್ತವೆ. ಮನುಷ್ಯನಲ್ಲಿ 48 ವರ್ಣತಂತುಗಳಿವೆ ಎಂಬ ಲೆಕ್ಕ 1920ರ ದಶಕದಿಂದ ಪುಸ್ತಕಗಳಲ್ಲಿ ನೆಲೆಯೂರಿತ್ತು. ಲೆವಾನ್ ಮತ್ತು ಅವರ ಸಹೋದ್ಯೋಗಿ ಜೋ ಹಿನ್ ಟ್ಜಿಯೊ ಕಾಲ್ಚಿಸಿನ್, ಕೋಶವನ್ನು ಉಬ್ಬಿಸುವ ತೆಳು ದ್ರಾವಣ ಮತ್ತು ಒತ್ತುವ ವಿಧಾನ ಮೂರನ್ನೂ ಮನುಷ್ಯನ ಕೋಶಗಳಿಗೆ ಅನ್ವಯಿಸಿ 1956ರಲ್ಲಿ ಪ್ರಕಟಿಸಿದ ಸಂಖ್ಯೆ 46. ಹಿಂದಿನವರ ಕಣ್ಣಲ್ಲಿ ದೋಷವಿರಲಿಲ್ಲ. ಅವರ ಸ್ಲೈಡುಗಳಲ್ಲಿ ವರ್ಣತಂತುಗಳು ಒಂದರ ಮೇಲೊಂದು ಬಿದ್ದಿದ್ದವು.

ಲೆವಾನ್ ಅವರ ವಿಧಾನ ಇನ್ನೊಂದು ದಾರಿಯನ್ನೂ ಹಿಡಿಯಿತು. 1985ರ ಹೊತ್ತಿಗೆ ಸ್ವೀಡನ್ನಿನಲ್ಲಿ ಈರುಳ್ಳಿ ಬೇರನ್ನು ನೀರಿನ ಮಾಲಿನ್ಯ ಅಳೆಯುವ ಪ್ರಮಾಣಿತ ಪರೀಕ್ಷೆಯಾಗಿ ರೂಪಿಸಲಾಯಿತು. ಕಾರ್ಖಾನೆಯ ಬಳಿಯ ಹಳ್ಳದ ನೀರು, ಕೀಟನಾಶಕ ಸೇರಿದ ಹೊಲದ ಕಾಲುವೆಯ ನೀರು ಯಾವುದಾದರೂ ಇದಕ್ಕೆ ಆಗುತ್ತದೆ. ಬೇರಿನ ಉದ್ದ ಕುಂಠಿತವಾಗಿದೆಯೇ, ಸೂಚ್ಯಂಕ ಇಳಿದಿದೆಯೇ, ಅನಾಫೇಸಿನಲ್ಲಿ ಎರಡು ಗುಂಪುಗಳ ನಡುವೆ ಸೇತುವೆಯಾಗಿ ಸಿಕ್ಕಿಕೊಂಡ ಅಥವಾ ತುಂಡಾಗಿ ಹಿಂದುಳಿದ ವರ್ಣತಂತುಗಳಿವೆಯೇ ಎಂದು ನೋಡುತ್ತಾರೆ. ಒಂದೇ ಗಾತ್ರದ ಗಡ್ಡೆಗಳು, ಒಂದೇ ಕೋಣೆಯ ಉಷ್ಣತೆ, ಪ್ರತಿ ನೀರಿಗೂ ಹಲವು ಜಾಡಿಗಳು, ಅವುಗಳ ಜೊತೆಗೆ ಮಾಲಿನ್ಯವಿಲ್ಲದ ನೀರಿನ ಜಾಡಿಗಳು ಬೇಕು. ಎಣಿಸುವವರಿಗೆ ಯಾವ ಸ್ಲೈಡ್ ಯಾವ ನೀರಿನದೆಂದು ಗೊತ್ತಾಗದಂತೆ ಸ್ಲೈಡುಗಳಿಗೆ ಹೆಸರಿನ ಬದಲು ಸಂಖ್ಯೆಯ ಚೀಟಿ ಅಂಟಿಸಿ, ಪಟ್ಟಿಯನ್ನು ಇನ್ನೊಬ್ಬರ ಬಳಿ ಇಡುತ್ತಾರೆ.